ಫಿರಂಗಿ ಅಧಿಕಾರಿಯ ಕಾಗದ, ದಿನಚರಿ: ಅಲನ್ ಬ್ರೂಕ್ ಬರೆದಿಟ್ಟದ್ದನ್ನು ಓದುವುದು ಹೇಗೆ?

‘ಶೆಲ್ಲಿಂಗ್’ ಎಂಬ ಮಾತು ಈಗ ಕನ್ನಡದ ಸುದ್ದಿಗಳಲ್ಲೂ ಸಲೀಸಾಗಿ ಓಡಾಡುತ್ತಿದೆ. 2022ರಿಂದ ಉಕ್ರೇನಿನ ಸುದ್ದಿಯಲ್ಲಿ ಕೇಳುತ್ತಲೇ ಇದ್ದೇವೆ. 2025ರ ಮೇ ತಿಂಗಳಲ್ಲಿ ಗಡಿಯಾಚೆಯಿಂದ ಪೂಂಚ್ ಪಟ್ಟಣದ ಮೇಲೆ ಶೆಲ್‌ಗಳು ಬಿದ್ದಾಗ ಅದು ನಮ್ಮ ಮನೆಯ ಮಾತೇ ಆಯಿತು. ಟಿವಿಯಲ್ಲಿ ನಮಗೆ ಕಾಣುವುದು ಒಡೆದ ಗೋಡೆ, ಹೊಗೆ, ಓಡುವ ಜನ. ಶೆಲ್ ಹಾರಿಸಿದವರು ಎಲ್ಲಿದ್ದರು, ಅದು ಎಲ್ಲಿ ಬೀಳುತ್ತದೆಂದು ಅವರಿಗೆ ಹೇಗೆ ಗೊತ್ತಾಯಿತು, ಆ ರಾತ್ರಿ ಅವರು ಮನೆಗೆ ಏನೆಂದು ಬರೆದರು ಎಂಬುದು ಕಾಣುವುದಿಲ್ಲ.

ಇಂಥ ಪ್ರಶ್ನೆಗಳಿಗೆ ಉತ್ತರ ಸಿಗುವುದು ಹಳೆಯ ಯುದ್ಧಗಳಲ್ಲಿ. ಕಾರಣ ಸರಳ. ಈಗಿನ ಯುದ್ಧದ ಕಾಗದಪತ್ರಗಳು ಇನ್ನೂ ಬೀಗದೊಳಗಿವೆ. ನೂರು ವರ್ಷದ ಹಿಂದಿನವು ತೆರೆದುಕೊಂಡಿವೆ. ಅವುಗಳಲ್ಲಿ ಬ್ರಿಟಿಷ್ ಫಿರಂಗಿ ಅಧಿಕಾರಿ ಅಲನ್ ಬ್ರೂಕ್ ಬರೆದಿಟ್ಟದ್ದು ವಿಶೇಷ. ಮೊದಲ ಮಹಾಯುದ್ಧದಲ್ಲಿ ತಾಯಿಗೆ ಕಾಗದ, ಎರಡನೆಯದರಲ್ಲಿ ಹೆಂಡತಿಗಾಗಿ ದಿನಚರಿ. ಎರಡು ಯುದ್ಧ, ಒಂದೇ ಕೈಬರಹ.

ಯಾರು ಈ ಬ್ರೂಕ್?

ಹುಟ್ಟಿದ್ದು 1883ರಲ್ಲಿ, ಫ್ರಾನ್ಸಿನ ಬಾನ್ಯೇರ್-ದ-ಬಿಗೋರ್ ಎಂಬ ಊರಿನಲ್ಲಿ. ಮನೆತನ ಉತ್ತರ ಐರ್ಲೆಂಡಿನದು, ಬಾಲ್ಯ ಕಳೆದದ್ದು ದಕ್ಷಿಣ ಫ್ರಾನ್ಸಿನಲ್ಲಿ. ಹಾಗಾಗಿ ಫ್ರೆಂಚ್ ಅವನಿಗೆ ಕಲಿತ ಭಾಷೆಯಲ್ಲ, ಆಡುತ್ತ ಬಂದ ಭಾಷೆ. ಈ ಸಂಗತಿ ಮುಂದೆ ಕೆಲಸಕ್ಕೆ ಬರುತ್ತದೆ. ವುಲ್ಲಿಚ್‌ನ ಸೈನಿಕ ಅಕಾಡೆಮಿಯಲ್ಲಿ ಕಲಿತು ಫಿರಂಗಿ ದಳ ಸೇರಿದ. ಮೊದಲ ಮಹಾಯುದ್ಧಕ್ಕೆ ಮುಂಚಿನ ಹಲವು ವರ್ಷ ಭಾರತದಲ್ಲೇ ಇದ್ದ.

1914ರ ಜುಲೈ 28ರಂದು, ಅಂದರೆ ಆಸ್ಟ್ರಿಯಾ ಸರ್ಬಿಯಾದ ಮೇಲೆ ಯುದ್ಧ ಸಾರಿದ ದಿನವೇ, ಅವನ ಮದುವೆ. ಕೆಲವೇ ದಿನಗಳಲ್ಲಿ ಕರೆ ಬಂತು. ಭಾರತಕ್ಕೆಂದು ಹೊರಟವನು ದಾರಿಯಲ್ಲೇ ತಿರುಗಿ ಫ್ರಾನ್ಸ್ ಸೇರಿದ. ಅಲ್ಲಿ ಸಿಕ್ಕಿದ ಕೆಲಸ, ನಮ್ಮ ಪಕ್ಕದ ಸಿಕಂದರಾಬಾದಿನ ಹೆಸರು ಹೊತ್ತ ಅಶ್ವದಳ ಬ್ರಿಗೇಡಿಗೆ ಮದ್ದುಗುಂಡು ಒದಗಿಸುವ ತುಕಡಿಯ ನಾಯಕತ್ವ. 1914ರಲ್ಲಿ ಅವನು ಲೆಫ್ಟಿನೆಂಟ್. 1941ರ ಡಿಸೆಂಬರಿನಲ್ಲಿ ಇಡೀ ಬ್ರಿಟಿಷ್ ಭೂಸೇನೆಯ ಮುಖ್ಯಸ್ಥ.

ಫಿರಂಗಿ ದಳ ಎಂದರೆ ಫಿರಂಗಿ ಮಾತ್ರವಲ್ಲ

ಕೆಲವು ಪದಗಳನ್ನು ಮೊದಲೇ ಸ್ಪಷ್ಟ ಮಾಡಿಕೊಳ್ಳೋಣ. ‘ಬ್ಯಾಟರಿ’ ಎಂದರೆ ಒಬ್ಬ ಅಧಿಕಾರಿಯ ಕೈಕೆಳಗೆ ಒಟ್ಟಾಗಿ ಕೆಲಸ ಮಾಡುವ ಫಿರಂಗಿಗಳ ಗುಂಪು. 1914ರ ಬ್ರಿಟಿಷ್ ಮೈದಾನ ಬ್ಯಾಟರಿಯಲ್ಲಿ 6 ಫಿರಂಗಿ, ಸುಮಾರು 200 ಜನ. ‘ಶೆಲ್’ ಎಂದರೆ ಒಳಗೆ ಸ್ಫೋಟಕವೋ ಸಣ್ಣ ಗುಂಡುಗಳೋ ತುಂಬಿದ ಟೊಳ್ಳು ಗುಂಡು. ಅದರ ಮೂತಿಯಲ್ಲಿರುವ ‘ಫ್ಯೂಸ್’ ಯಾವಾಗ ಸಿಡಿಯಬೇಕೆಂದು ತೀರ್ಮಾನಿಸುತ್ತದೆ: ಗಾಳಿಯಲ್ಲೋ, ನೆಲ ತಾಕಿದ ಕೂಡಲೋ, ನೆಲದೊಳಗೆ ಹೊಕ್ಕ ಮೇಲೋ.

ಆಗಿನ ಬ್ರಿಟಿಷರ ಮುಖ್ಯ ಮೈದಾನ ಫಿರಂಗಿ ‘18 ಪೌಂಡರ್’. ಹೆಸರು ಬಂದದ್ದು ಶೆಲ್ಲಿನ ತೂಕದಿಂದ. ನಮ್ಮ ಲೆಕ್ಕದಲ್ಲಿ ಎಂಟು ಕಿಲೋ ದಾಟುತ್ತದೆ. ಶ್ರಾಪ್ನೆಲ್ ಶೆಲ್ ಒಂದರಲ್ಲಿ 375ರ ಆಸುಪಾಸಿನಷ್ಟು ಸಣ್ಣ ಗುಂಡುಗಳಿರುತ್ತಿದ್ದವು. ಒಂದು ಫಿರಂಗಿ ಎಳೆಯಲು ಆರು ಕುದುರೆ.

ಬ್ರೂಕ್‌ಗೆ ಮೊದಲು ಸಿಕ್ಕ ಕೆಲಸ ಈ ಕಾರಣಕ್ಕೆ ಸಣ್ಣದಲ್ಲ. ಶೆಲ್ ತಲುಪದಿದ್ದರೆ ಫಿರಂಗಿ ಬರಿಯ ಕಬ್ಬಿಣ. ಕುದುರೆಗೆ ಮೇವು, ಗಾಡಿಗೆ ದಾರಿ, ಕೆಸರಿನಲ್ಲಿ ಹೂತ ಚಕ್ರ ಎತ್ತುವುದು ಈ ತುಕಡಿಯ ದಿನನಿತ್ಯದ ಪಾಡು. ಆ ಯುದ್ಧದ ಫಿರಂಗಿ ಅಧಿಕಾರಿಗಳ ಕಾಗದಗಳನ್ನು ಓದಹೊರಟವರಿಗೆ ಮೊದಲು ಆಗುವ ನಿರಾಸೆಯೂ ಇದೇ: ಶೌರ್ಯ ಹುಡುಕಿದರೆ ಸಿಗುವುದು ಮಳೆ, ಕೆಸರು, ಕುದುರೆ.

ಇಲ್ಲೊಂದು ಅಡ್ಡಮಾತು. 1857ರ ಬಂಡಾಯದ ನಂತರ ಬ್ರಿಟಿಷರು ಭಾರತೀಯರ ಕೈಗೆ ಫಿರಂಗಿ ಕೊಡಲು ಹಿಂಜರಿದರು. ಬೆಟ್ಟಗಾಡಿನ ಸಣ್ಣ ಫಿರಂಗಿಗಳ ಬ್ಯಾಟರಿಗಳಷ್ಟೇ ಭಾರತೀಯ ಸಿಪಾಯಿಗಳ ಪಾಲಿಗೆ ಉಳಿದವು. ಭಾರತೀಯರದ್ದೇ ಆದ ಮೊದಲ ಮೈದಾನ ಫಿರಂಗಿ ಬ್ರಿಗೇಡ್ ಹುಟ್ಟಿದ್ದು 1935ರ ಜನವರಿ 15ರಂದು, ನಮ್ಮ ಬೆಂಗಳೂರಿನಲ್ಲಿ. 1914ರಲ್ಲಿ ಭಾರತದ ಅಶ್ವದಳ ಫ್ರಾನ್ಸಿಗೆ ಹೋದಾಗ ಅದರ ಜೊತೆಗಿದ್ದ ಫಿರಂಗಿಗಳ ಹಿಂದೆ ಬ್ರಿಟಿಷರೇ ನಿಂತಿದ್ದೇಕೆ ಎಂಬುದಕ್ಕೆ ಇದು ಉತ್ತರ.

ಕಾಣದ ಗುರಿಗೆ ಹೊಡೆಯುವ ಲೆಕ್ಕ

ಹಿಂದಿನ ಕಾಲದ ಯುದ್ಧದಲ್ಲಿ ಫಿರಂಗಿಯವನು ಶತ್ರುವನ್ನು ಕಣ್ಣಾರೆ ನೋಡಿ ಹೊಡೆಯುತ್ತಿದ್ದ. 1914ರ ಹೊತ್ತಿಗೆ ಅದು ಆತ್ಮಹತ್ಯೆಯಾಗಿತ್ತು. ನೀವು ಶತ್ರುವನ್ನು ನೋಡಬಲ್ಲಿರಾದರೆ ಶತ್ರುವೂ ನಿಮ್ಮನ್ನು ನೋಡುತ್ತಾನೆ. ಆದ್ದರಿಂದ ಫಿರಂಗಿಗಳು ದಿಬ್ಬದ ಹಿಂದೆ, ಕಾಡಿನ ಮರೆಗೆ ಸರಿದವು. ಮುಂದಿನ ಕಂದಕದಲ್ಲಿ ಕೂತ ವೀಕ್ಷಕನೊಬ್ಬ ದುರ್ಬೀನು ಹಿಡಿದು ಶೆಲ್ ಎಲ್ಲಿ ಬಿತ್ತೆಂದು ಟೆಲಿಫೋನಿನಲ್ಲಿ ಹೇಳುತ್ತಿದ್ದ. ಶೆಲ್ ಬಿದ್ದು ತಂತಿ ತುಂಡಾದರೆ ಬ್ಯಾಟರಿ ಕುರುಡಾಗುತ್ತಿತ್ತು. ವಿಮಾನ, ಬಲೂನುಗಳೂ ಈ ಕಣ್ಣಿನ ಕೆಲಸಕ್ಕೆ ಬಂದವು.

ಉಳಿದದ್ದು ಗಣಿತ. ಫಿರಂಗಿ ನಿಂತ ಜಾಗ ನಕ್ಷೆಯಲ್ಲಿ ನಿಖರವಾಗಿ ಗೊತ್ತಿರಬೇಕು, ಗುರಿಯದ್ದೂ ಗೊತ್ತಿರಬೇಕು. ಗಾಳಿ ಯಾವ ಕಡೆ ಬೀಸುತ್ತಿದೆ, ಚಳಿಯಿಂದ ಗಾಳಿ ಎಷ್ಟು ದಟ್ಟವಾಗಿದೆ, ಸಿಡಿಮದ್ದು ಎಷ್ಟು ತಣ್ಣಗಿದೆ, ಸಾವಿರಾರು ಶೆಲ್ ಹಾರಿಸಿದ ನಳಿಗೆ ಎಷ್ಟು ಸವೆದಿದೆ, ಎಲ್ಲವೂ ಶೆಲ್ ಬೀಳುವ ಜಾಗವನ್ನು ಬದಲಿಸುತ್ತವೆ. ಯುದ್ಧದ ಮೊದಲೆರಡು ವರ್ಷ ಈ ಲೆಕ್ಕಗಳು ಒರಟಾಗಿದ್ದವು. ಅದರ ಬೆಲೆ ತೆತ್ತವರು ಕಾಲಾಳುಗಳು. ಕೆಲವೊಮ್ಮೆ ತಮ್ಮದೇ ಫಿರಂಗಿಗಳ ಶೆಲ್ಲಿಗೆ ಬಲಿಯಾಗಿ.

ಬೆಂಕಿಯ ತೆರೆಯ ಹಿಂದೆ ನಡೆಯುವುದು

ಬ್ರೂಕ್ ಹೆಸರು ಕೇಳಿದರೆ ಸೈನ್ಯದ ಇತಿಹಾಸ ಬಲ್ಲವರು ಮೊದಲು ಹೇಳುವುದು ‘ಕ್ರೀಪಿಂಗ್ ಬ್ಯಾರೇಜ್’. ಬ್ಯಾರೇಜ್ ಎಂದರೆ ಹಲವು ಫಿರಂಗಿಗಳು ಒಂದು ಸಾಲಿನ ಉದ್ದಕ್ಕೂ ಏಕಕಾಲಕ್ಕೆ ಸುರಿಸುವ ಶೆಲ್ಲಿನ ಗೋಡೆ. ಮೊದಲಿನ ಪದ್ಧತಿಯಲ್ಲಿ ಅದನ್ನು ಶತ್ರುವಿನ ಕಂದಕದ ಮೇಲೆ ಸುರಿಸಿ, ಆಮೇಲೆ ಒಮ್ಮೆಲೇ ಹಿಂದಿನ ಕಂದಕಕ್ಕೆ ಹಾರಿಸುತ್ತಿದ್ದರು. ಶೆಲ್ ನಿಂತದ್ದು ಕೇಳಿದ ಕೂಡಲೇ ನೆಲಮಾಳಿಗೆಯಲ್ಲಿ ಅಡಗಿದ್ದ ಜರ್ಮನರು ಮೇಲೆ ಬಂದು ಮಷಿನ್‌ಗನ್ ಹೂಡುತ್ತಿದ್ದರು. ಬ್ರಿಟಿಷ್ ಕಾಲಾಳುಗಳು ಆಗಿನ್ನೂ ಬಯಲಿನ ನಡುವೆ.

ಹೊಸ ಉಪಾಯ ಆ ಗೋಡೆಯನ್ನೇ ನಿಧಾನ ನಡೆಸುವುದು. ಮಲೆನಾಡಿನಲ್ಲಿ ಮಳೆ ಗದ್ದೆ ದಾಟಿಕೊಂಡು ಹೋಗುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾದೀತು. ಮಳೆಯ ತೆರೆ ಮುಂದೆ ಸಾಗುತ್ತದೆ, ಅದರ ಅಂಚಿಗೆ ಸರಿಯಾಗಿ ಹಿಂದೆ ಹಿಂದೆ ನಡೆದರೆ ನೀವು ನೆನೆಯುವುದಿಲ್ಲ, ಮುಂದಿರುವವರಿಗೆ ನೀವು ಕಾಣುವುದೂ ಇಲ್ಲ. ಕಾಲಾಳುಗಳು ತಮ್ಮದೇ ಶೆಲ್ಲುಗಳ ಹಿಂದೆ ಹೀಗೆ ನಡೆಯಬೇಕು. ತೆರೆ ದಾಟಿದ ಮರುನಿಮಿಷವೇ ಕಂದಕದ ಬಾಯಲ್ಲಿರಬೇಕು. ನಿಧಾನಿಸಿದರೆ ಶತ್ರು ಎದ್ದುಬಿಡುತ್ತಾನೆ, ಅವಸರಿಸಿದರೆ ತಮ್ಮ ಶೆಲ್ ತಮ್ಮ ತಲೆ ಮೇಲೆ.

1916ರ ಜುಲೈ 1, ಫ್ರಾನ್ಸಿನಲ್ಲಿ ನಡೆದ ಸೋಮ್ ಕದನದ ಮೊದಲ ದಿನ. ಅದಕ್ಕೆ ಮುಂಚಿನ ಒಂದು ವಾರ ಬ್ರಿಟಿಷರು 15 ಲಕ್ಷಕ್ಕೂ ಹೆಚ್ಚು ಶೆಲ್ ಹಾರಿಸಿದ್ದರು. ಹಲವು ಸಿಡಿಯಲೇ ಇಲ್ಲ. ಸಿಡಿದ ಶ್ರಾಪ್ನೆಲ್ ಆಳದ ನೆಲಮಾಳಿಗೆಗಳನ್ನು ಏನೂ ಮಾಡಲಿಲ್ಲ. ಆ ಒಂದೇ ದಿನ ಬ್ರಿಟಿಷರಿಗಾದ ಸಾವುನೋವು 57,470. ಅದರಲ್ಲಿ ಸತ್ತವರು 19,240. ಆದರೆ ಸಾಲಿನ ದಕ್ಷಿಣ ತುದಿಯತ್ತ 18ನೇ ಡಿವಿಜನ್ ಎಂಬ ಸಾವಿರಾರು ಸೈನಿಕರ ಪಡೆ ತನ್ನ ಗುರಿಗಳನ್ನೆಲ್ಲ ಗೆದ್ದುಕೊಂಡಿತು. ಆ ಡಿವಿಜನ್ನಿನ ಫಿರಂಗಿ ಯೋಜನೆ ತಯಾರಿಸುವ ಜಾಗದಲ್ಲಿದ್ದವನು ಬ್ರೂಕ್. ಚಲಿಸುವ ಬ್ಯಾರೇಜಿನ ಕಲ್ಪನೆಯನ್ನು ಅವನು ಫ್ರೆಂಚರಿಂದ ಕಲಿತಿದ್ದ. ಬಾಲ್ಯದ ಭಾಷೆ ಕೆಲಸಕ್ಕೆ ಬಂದದ್ದು ಇಲ್ಲಿ.

ಇದನ್ನು ‘ಬ್ರೂಕ್ ಕಂಡುಹಿಡಿದ’ ಎಂದು ಬರೆಯುವುದುಂಟು. ಅಷ್ಟು ಸಲೀಸಲ್ಲ. ಇಂಥ ಪ್ರಯತ್ನಗಳು ಬೇರೆ ಸೈನ್ಯಗಳಲ್ಲೂ ನಡೆದಿದ್ದವು. 18ನೇ ಡಿವಿಜನ್ನಿನ ಗೆಲುವಿಗೂ ಒಂದೇ ಕಾರಣವಿರಲಿಲ್ಲ. ಆ ತುದಿಯಲ್ಲಿ ಫ್ರೆಂಚರ ಭಾರಿ ಫಿರಂಗಿಗಳ ನೆರಳಿತ್ತು, ಡಿವಿಜನ್ನಿನ ಮುಖ್ಯಸ್ಥ ಐವರ್ ಮ್ಯಾಕ್ಸಿ ತರಬೇತಿಯ ವಿಷಯದಲ್ಲಿ ಹಟಮಾರಿಯಾಗಿದ್ದ.

ಮರುವರ್ಷ ಬ್ರೂಕ್ ಕೆನಡಾದ ಸೇನಾ ಕೋರ್‌ಗೆ, ಅಂದರೆ ಹಲವು ಡಿವಿಜನ್‌ಗಳು ಸೇರಿದ ಪಡೆಗೆ ಹೋದ. 1917ರ ಏಪ್ರಿಲ್ 9ರಂದು ಕೆನಡಾದ ನಾಲ್ಕೂ ಡಿವಿಜನ್‌ಗಳು ಮೊದಲ ಬಾರಿ ಒಟ್ಟಾಗಿ, ಫ್ರಾನ್ಸಿನಲ್ಲಿ ಜರ್ಮನರು ಹಿಡಿದಿದ್ದ ವಿಮಿ ದಿಬ್ಬವನ್ನು ಹತ್ತಿದವು. ತೆರೆ ಮೂರು ನಿಮಿಷಕ್ಕೆ 100 ಗಜದಂತೆ ಮುಂದೆ ಸರಿಯುತ್ತಿತ್ತು. ಈ ಹೊತ್ತಿಗೆ ಲೆಕ್ಕಗಳೂ ಸಾಮಗ್ರಿಯೂ ಸುಧಾರಿಸಿದ್ದವು. ಮುಳ್ಳುತಂತಿ ತಾಕಿದ ಕ್ಷಣವೇ ಸಿಡಿಯುವ ಹೊಸ ಫ್ಯೂಸ್ ಬಂದಿತ್ತು. ಹಳೆಯವು ನೆಲದೊಳಗೆ ಹೊಕ್ಕು ಹೊಂಡ ತೋಡುತ್ತಿದ್ದವೇ ಹೊರತು ತಂತಿ ಕತ್ತರಿಸುತ್ತಿರಲಿಲ್ಲ. ಶತ್ರುವಿನ ಫಿರಂಗಿ ಎಲ್ಲಿದೆಯೆಂದು ಅದರ ಸದ್ದು, ಮಿಂಚುಗಳಿಂದಲೇ ಹಿಡಿಯುವ ವಿದ್ಯೆಯೂ ಬೆಳೆದಿತ್ತು. ದಿಬ್ಬ ಸಿಕ್ಕಿತು. ಆದರೂ ನಾಲ್ಕು ದಿನದಲ್ಲಿ 3,598 ಕೆನಡಿಯನ್ನರು ಸತ್ತರು.

ಅಮ್ಮನಿಗೆ ಬರೆದ ಕಾಗದದಲ್ಲಿ ಏನಿರುವುದಿಲ್ಲ?

ಇಷ್ಟೆಲ್ಲ ಬ್ರೂಕ್ ತಾಯಿಗೆ ಬರೆದ ಕಾಗದಗಳಲ್ಲಿ ಸಿಗುತ್ತದೆಂದುಕೊಂಡರೆ ಇಲ್ಲ. ಅದಕ್ಕೆ ಎರಡು ಕಾರಣ.

ಮೊದಲನೆಯದು ಸೆನ್ಸಾರ್. ಕಾಗದ ಶತ್ರುವಿನ ಕೈಗೆ ಸಿಕ್ಕರೆ ಯಾವ ಊರಲ್ಲಿ ಯಾವ ದಳ ಇದೆಯೆಂಬುದು ಬಯಲಾಗುತ್ತದೆ. ಸಾಮಾನ್ಯ ಸೈನಿಕರ ಕಾಗದಗಳನ್ನು ಅವರದೇ ಅಧಿಕಾರಿಗಳು ಓದಿ, ಬೇಡದ ಸಾಲು ಹೊಡೆದು ಕಳಿಸುತ್ತಿದ್ದರು. ತಮ್ಮ ಅಧಿಕಾರಿಯೇ ಓದುತ್ತಾನೆಂದು ತಿಳಿದಾಗ ಹೆಂಡತಿಗೆ ಏನು ಬರೆದಾರು! ಆಮೇಲೆ ಹಸಿರು ಲಕೋಟೆಯ ಸೌಲಭ್ಯ ಬಂತು: ಒಳಗಿರುವುದು ಖಾಸಗಿ ವಿಷಯ ಮಾತ್ರ ಎಂದು ಸಹಿ ಹಾಕಿದರೆ ದಳದಲ್ಲಿ ಯಾರೂ ತೆರೆಯುವುದಿಲ್ಲ, ದೂರದ ಕೇಂದ್ರದಲ್ಲಿ ತೆರೆದರೆ ತೆರೆಯಬಹುದು. ಬರೆಯಲು ಹೊತ್ತಿಲ್ಲದವರಿಗೆ ಅಚ್ಚಾದ ಕಾರ್ಡು. ‘ನಾನು ಕ್ಷೇಮ’, ‘ಆಸ್ಪತ್ರೆ ಸೇರಿದ್ದೇನೆ’ ಎಂಬಂಥ ಸಾಲುಗಳಲ್ಲಿ ಬೇಡದ್ದನ್ನು ಗೀಟು ಹಾಕಿ ಕಳಿಸಬೇಕು. ಒಂದಕ್ಷರ ಹೆಚ್ಚು ಬರೆದರೂ ಕಾರ್ಡನ್ನು ಹರಿದುಹಾಕುತ್ತಿದ್ದರು. ಅಧಿಕಾರಿಗಳ ಕಾಗದಗಳನ್ನು ದಳದಲ್ಲಿ ಸಾಮಾನ್ಯವಾಗಿ ಯಾರೂ ಓದುತ್ತಿರಲಿಲ್ಲ; ಅವಕ್ಕೆ ಹೆಚ್ಚಾಗಿ ಅವರ ಮಾನವೇ ಕಾವಲು.

ಎರಡನೆಯದನ್ನು ಯಾವ ಸೈನ್ಯವೂ ಜಾರಿಗೆ ತರಬೇಕಾಗಿರಲಿಲ್ಲ. ಅಮ್ಮ ಗಾಬರಿಯಾಗಬಾರದು. ಹಾಗಾಗಿ ಕಾಗದದಲ್ಲಿ ಹವಾಮಾನ ಇರುತ್ತದೆ, ಕಳಿಸಿದ ತಿಂಡಿ ತಲುಪಿದ್ದಕ್ಕೆ ಖುಷಿ ಇರುತ್ತದೆ, ಶೆಲ್ ಬಿದ್ದದ್ದು ದೂರದಲ್ಲಿ ಎಂಬ ಸಮಾಧಾನ ಇರುತ್ತದೆ. ಅಪಾಯ ದಾಟಿದ ಮೇಲಷ್ಟೇ ಅಪಾಯದ ಮಾತು. ಯುದ್ಧಭೂಮಿಯಿಂದ ಬಂದ ಯಾವುದೇ ಕಾಗದ ಓದುವಾಗ ‘ಇದು ಯಾರಿಗೆ?’ ಎಂದು ಮೊದಲು ಕೇಳಿಕೊಳ್ಳುವುದು ಒಳ್ಳೆಯದು.

ಭಾರತೀಯ ಸಿಪಾಯಿಗಳ ಕಥೆ ಇದರ ಉಲ್ಟಾ. ಫ್ರಾನ್ಸಿನಲ್ಲಿದ್ದ ಅವರಲ್ಲಿ ಹಲವರಿಗೆ ಓದುಬರಹ ಬರುತ್ತಿರಲಿಲ್ಲ, ಹೇಳಿ ಬರೆಸುತ್ತಿದ್ದರು. ಮನೆಗೆ ಹೋದ ಮೂಲ ಕಾಗದಗಳು ಬಹುತೇಕ ಕಳೆದುಹೋಗಿವೆ. ನಮಗಿಂದು ಸಿಗುವುದು ಭಾರತೀಯ ಅಂಚೆಗೆಂದೇ ಇದ್ದ ಸೆನ್ಸಾರ್ ಕಚೇರಿ ಇಂಗ್ಲಿಷಿಗೆ ಅನುವಾದಿಸಿ ಮೇಲಧಿಕಾರಿಗಳಿಗೆ ಒಪ್ಪಿಸಿದ ಆಯ್ದ ಭಾಗಗಳು. ಸಿಪಾಯಿಯ ಬಾಯಿ ಕಟ್ಟಲು ಕೂತವನೇ ಅವನ ಮಾತು ಉಳಿಸಿದ.

ವಾರ್ ಡೈರಿ ಬೇರೆ, ದಿನಚರಿ ಬೇರೆ

ಈ ಎರಡನ್ನು ಪತ್ರಿಕೆಗಳೂ ಬೆರೆಸಿಬಿಡುತ್ತವೆ. ‘ವಾರ್ ಡೈರಿ’ ಎಂಬುದು ಬ್ರಿಟಿಷ್ ಸೈನ್ಯದಲ್ಲಿ ಪ್ರತಿ ದಳವೂ ಕಡ್ಡಾಯವಾಗಿ ಬರೆಯಬೇಕಿದ್ದ ಅಧಿಕೃತ ದಾಖಲೆ. ಎಷ್ಟು ಗಂಟೆಗೆ ಎಲ್ಲಿಗೆ ಹೊರಟರು, ಯಾರ ಆದೇಶ, ಎಷ್ಟು ಜನ ಗಾಯಗೊಂಡರು ಇಷ್ಟೇ. ಭಾವನೆಗೆ ಅಲ್ಲಿ ಜಾಗವಿಲ್ಲ. ಮೊದಲ ಮಹಾಯುದ್ಧದ ಇಂಥ ಡೈರಿಗಳು ಲಂಡನ್ನಿನ ಕ್ಯೂ ಎಂಬ ಬಡಾವಣೆಯಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ.

ಖಾಸಗಿ ದಿನಚರಿ ಬರೆಯುವುದಕ್ಕೆ ಸೈನ್ಯದ ನಿಯಮ ಅವಕಾಶ ಕೊಡುತ್ತಿರಲಿಲ್ಲ. ಬರೆದವನು ಸೆರೆಸಿಕ್ಕರೆ ದಿನಚರಿಯೂ ಸೆರೆ. ಆದರೂ ಬಹಳ ಜನ ಬರೆದರು. ನಿಯಮ ಪಾಲಿಸುವಂತೆ ನೋಡಿಕೊಳ್ಳಬೇಕಾದ ಜನರಲ್‌ಗಳೂ ಬರೆದರು.

ಹೆಂಡತಿಯೊಡನೆ ರಾತ್ರಿಯ ಮಾತು

ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರೂಕ್‌ನ ಬದುಕು ಬದಲಾಗಿತ್ತು. ತಾಯಿ 1920ರಲ್ಲಿ ತೀರಿಕೊಂಡಿದ್ದಳು. ಮೊದಲ ಹೆಂಡತಿ ಜೇನಿ 1925ರ ಕಾರು ಅಪಘಾತದಲ್ಲಿ ಸತ್ತಳು. ಕಾರು ಓಡಿಸುತ್ತಿದ್ದವನು ಅವನೇ. 1929ರಲ್ಲಿ ಬೆನಿಟಾಳನ್ನು ಮದುವೆಯಾದ. 1939ರ ಸೆಪ್ಟೆಂಬರ್ 28ರಂದು ಫ್ರಾನ್ಸಿಗೆ ಹೊರಟಾಗ ಹೊಸ ಪುಸ್ತಕ ತೆರೆದು ದಿನಚರಿ ಶುರುಮಾಡಿದ. ಇದನ್ನು ಯಾವ ಕಾರಣಕ್ಕೂ ಪ್ರಕಟಿಸಕೂಡದು ಎಂದು ಬರೆದ. ನಾವು ಜೊತೆಗಿದ್ದಿದ್ದರೆ ನಿನ್ನೊಡನೆ ಆಡುತ್ತಿದ್ದ ಮಾತು ಇದು ಎಂಬುದು ಅದರ ಧಾಟಿ.

ಇಲ್ಲಿ ಕಾಗದದ ಸಂಕೋಚ ಇಲ್ಲ, ಏಕೆಂದರೆ ಓದುವವಳು ಓದುವುದು ಮುಂದೆಂದೋ. ಆ ಹೊತ್ತಿಗೆ ಗಾಬರಿಯ ಪ್ರಶ್ನೆಯಿಲ್ಲ. 1940ರ ಮೇ 23ರಂದು, ಜರ್ಮನರು ಬ್ರಿಟಿಷ್ ಸೈನ್ಯವನ್ನು ಸಮುದ್ರದತ್ತ ಒತ್ತುತ್ತಿದ್ದಾಗ, ಇನ್ನು ಪವಾಡವೊಂದೇ ನಮ್ಮನ್ನು ಉಳಿಸಬಲ್ಲದು, ಕೊನೆ ದೂರವಿಲ್ಲ ಎಂದು ಬರೆದ. ಅಂದು ಅವನು ಒಂದು ಕೋರ್‌ನ ಮುಖ್ಯಸ್ಥ; ಹಗಲಿನಲ್ಲಿ ಕೈಕೆಳಗಿನವರ ಮುಂದೆ ಇಂಥ ಮಾತು ಆಡುವಂತಿರಲಿಲ್ಲ. ಮೇ 30ರಂದು ಕೋರ್ ಅನ್ನು ತನ್ನ ಕೈಕೆಳಗಿನ ಜನರಲ್ ಮಾಂಟ್ಗೊಮರಿಗೆ ಒಪ್ಪಿಸಿ ಡಂಕರ್ಕ್ ಹತ್ತಿರದ ಕಡಲತೀರದಿಂದ ಹಡಗು ಹತ್ತಿದ.

ಸೇನಾ ಮುಖ್ಯಸ್ಥನಾದ ಮೇಲೆ ದಿನಚರಿಯ ಸ್ವರ ಬದಲಾಗುತ್ತದೆ. ಶೆಲ್ ಇಲ್ಲ, ಕೆಸರಿಲ್ಲ. ಸಭೆ, ಮತ್ತೆ ಸಭೆ, ನಡುರಾತ್ರಿ ದಾಟಿದರೂ ಮುಗಿಯದ ಚರ್ಚಿಲ್‌ನ ಸಭೆ. ನಡುವೆ ಬಿಡುವು ಸಿಕ್ಕರೆ ಪಕ್ಷಿವೀಕ್ಷಣೆ. ಲೋಕದ ಯುದ್ಧವನ್ನು ನಡೆಸುತ್ತಿದ್ದವನು ಹಕ್ಕಿಗಳ ವಿಷಯ ಬಂದಾಗ ಬರೆಯುವ ಸಾಲುಗಳಲ್ಲಿ ಬೇರೆಯದೇ ಉಲ್ಲಾಸವಿದೆ. ಚರ್ಚಿಲ್ ಮೇಲಿನ ಸಿಟ್ಟು ಪುಟಪುಟದಲ್ಲಿದೆ. ಅವನಿಲ್ಲದಿದ್ದರೆ ಇಂಗ್ಲೆಂಡ್ ಖಂಡಿತ ಸೋಲುತ್ತಿತ್ತು, ಅವನಿಂದಾಗಿ ಮತ್ತೆ ಮತ್ತೆ ವಿನಾಶದ ಅಂಚಿಗೆ ಬಂದಿದೆ ಎಂಬರ್ಥದ ಮಾತು 1944ರ ಸೆಪ್ಟೆಂಬರ್ 10ರ ಪುಟದಲ್ಲಿದೆ.

ದಿನಚರಿಗೆ ನಾಳೆ ಗೊತ್ತಿಲ್ಲ

ದಿನಚರಿಯ ಬೆಲೆ ಇರುವುದು ಅದರ ಅಜ್ಞಾನದಲ್ಲಿ. ಆತ್ಮಕಥೆ ಬರೆಯುವವನಿಗೆ ಯುದ್ಧ ಹೇಗೆ ಮುಗಿಯಿತೆಂದು ಗೊತ್ತಿರುತ್ತದೆ. ಅಂದೇ ನನಗೆ ಅನಿಸಿತ್ತು ಎಂದು ಬರೆಯುವ ಆಸೆ ತಡೆಯುವುದು ಕಷ್ಟ. ದಿನಚರಿಗೆ ಆ ಅನುಕೂಲವಿಲ್ಲ. 1944ರ ಜೂನ್ 5ರ ರಾತ್ರಿ, ನಾರ್ಮಂಡಿಯಲ್ಲಿ ಸೈನ್ಯ ಇಳಿಯುವ ಹಿಂದಿನ ದಿನ, ಬ್ರೂಕ್ ಬರೆದದ್ದು ಗೆಲುವಿನ ನಂಬಿಕೆಯನ್ನಲ್ಲ. ಚೆನ್ನಾಗಿ ನಡೆದರೂ ಇದು ಜನರ ನಿರೀಕ್ಷೆಯ ಹತ್ತಿರಕ್ಕೂ ಬರುವುದಿಲ್ಲ, ಕೆಟ್ಟರೆ ಇಡೀ ಯುದ್ಧದಲ್ಲೇ ಅತಿ ಘೋರ ದುರಂತವಾದೀತು ಎಂಬ ಅಳುಕು. ಇಂದು ನಮಗೆ ಅದು ಗೆದ್ದ ದಾಳಿ. ಅಂದು ಅದನ್ನು ಯೋಜಿಸಿದವರ ಹೊಟ್ಟೆಯಲ್ಲಿ ಏನಿತ್ತೆಂದು ತಿಳಿಯಲು ಇಂಥ ಪುಟ ಬೇಕು.

ಆದರೆ ದಿನಚರಿ ನ್ಯಾಯತೀರ್ಪಲ್ಲ. ಹಗಲೆಲ್ಲ ಬಾಯಿ ಬಿಗಿಹಿಡಿದವನು ರಾತ್ರಿ ಕಕ್ಕಿದ್ದು ಅದು. ಬ್ರೂಕ್ ಯಾರನ್ನಾದರೂ ಮೂರ್ಖ ಎಂದು ಬರೆದರೆ ನಮಗೆ ಖಚಿತವಾಗಿ ತಿಳಿಯುವುದು ಆ ರಾತ್ರಿ ಬ್ರೂಕ್‌ಗೆ ಹಾಗನಿಸಿತ್ತು ಎಂಬುದಷ್ಟೇ. ಅದೇ ಸಭೆಯ ಬಗ್ಗೆ ಇನ್ನೊಬ್ಬರು ಏನು ಬರೆದರು, ಸಭೆಯ ನಡಾವಳಿ ಏನು ಹೇಳುತ್ತದೆ ಎಂದು ಪಕ್ಕದಲ್ಲಿಟ್ಟು ನೋಡಬೇಕು.

ಆಮೇಲೆ ಸೇರಿದ ಸಾಲುಗಳು

ಪ್ರಕಟಿಸಬಾರದೆಂದಿದ್ದ ದಿನಚರಿ ಪ್ರಕಟವಾಯಿತು. ಯುದ್ಧದ ನಂತರ, 1950ರ ದಶಕದಲ್ಲಿ ಬ್ರೂಕ್ ತಾನೇ ದಿನಚರಿಯನ್ನು ಮತ್ತೆ ಓದಿ, ಪುಟಗಳ ನಡುವೆ ಟಿಪ್ಪಣಿ ಬರೆಯುತ್ತ ಹೋದ. ಕೆಲವು ಕಡೆ ಹಳೆಯ ಕಟುಮಾತಿಗೆ ದಣಿವು ಕಾರಣವೆಂದು ಸಮಾಧಾನ, ಕೆಲವು ಕಡೆ ತನ್ನ ಯೋಜನೆ ಸರಿಯಾಗಿತ್ತೆಂಬ ಸಮರ್ಥನೆ. ಚರ್ಚಿಲ್ ತನ್ನ ಯುದ್ಧದ ಇತಿಹಾಸವನ್ನು ತಾನೇ ಬರೆದು ಹಲವು ಸಂಪುಟಗಳಲ್ಲಿ ಹೊರತಂದಿದ್ದ. ಅದರಲ್ಲಿ ಸೇನಾ ಮುಖ್ಯಸ್ಥರಿಗೆ ಸಲ್ಲಬೇಕಾದಷ್ಟು ಜಾಗ ಸಿಗಲಿಲ್ಲವೆಂಬ ನೋವು ಬ್ರೂಕ್‌ಗೆ ಇತ್ತು.

1957 ಮತ್ತು 1959ರಲ್ಲಿ ಇತಿಹಾಸಕಾರ ಆರ್ಥರ್ ಬ್ರಯಂಟ್ ದಿನಚರಿಯ ಆಯ್ದ ಭಾಗಗಳನ್ನು ಎರಡು ಪುಸ್ತಕಗಳಲ್ಲಿ ಹೊರತಂದ. ಚರ್ಚಿಲ್, ಯುದ್ಧಕಾಲದ ಅಮೆರಿಕನ್ ಜನರಲ್ ಐಸೆನ್‌ಹೋವರ್ ಇನ್ನೂ ಬದುಕಿದ್ದ ಕಾಲ. ಬಹಳಷ್ಟು ಮಾತುಗಳ ಮೊನೆ ಮುರಿದೇ ಅಚ್ಚುಮಾಡಿದರು. ಅಷ್ಟಕ್ಕೂ ಚರ್ಚಿಲ್ ನೊಂದುಕೊಂಡ. ಪೂರ್ಣ ರೂಪದ ಆವೃತ್ತಿ ಬಂದದ್ದು 2001ರಲ್ಲಿ, ಬ್ರೂಕ್ ಸತ್ತು 38 ವರ್ಷವಾದ ಮೇಲೆ. ಅದರಲ್ಲಿ ಆ ರಾತ್ರಿ ಬರೆದದ್ದು ಯಾವುದು, ವರ್ಷಗಳ ನಂತರ ಸೇರಿಸಿದ್ದು ಯಾವುದು ಎಂದು ಬೇರೆ ಬೇರೆಯಾಗಿ ಗುರುತಿಸಿದ್ದಾರೆ. ಮೂಲ ಕಾಗದಪತ್ರಗಳು ಲಂಡನ್ನಿನ ಕಿಂಗ್ಸ್ ಕಾಲೇಜಿನ ಸೈನಿಕ ಪತ್ರಾಗಾರದಲ್ಲಿವೆ. ಇಂಗ್ಲಿಷ್ ಓದಬಲ್ಲವರು ಬ್ರೂಕ್‌ನನ್ನು ಓದಹೊರಟರೆ 2001ರ ಆವೃತ್ತಿಯನ್ನೇ ಹಿಡಿಯಬೇಕು. ಹಳೆಯ ಎರಡು ಪುಸ್ತಕಗಳಲ್ಲಿ ಸಿಟ್ಟು ಯಾವುದು, ಸಂಪಾದಕರ ಜಾಣ್ಮೆ ಯಾವುದು ಎಂದು ಬಿಡಿಸಲು ಆಗುವುದಿಲ್ಲ.